ಊರು ಒಂದು ಕಡೆ, ಬದುಕು ಇನ್ನೊಂದು ಕಡೆ: ವಲಸಿಗರ ರಾಜಕೀಯ ನಂಟಿನ ಬಗ್ಗೆ ಇಷ್ಟೊಂದು ಚರ್ಚೆ ಏಕೆ?

2025ರ ನವೆಂಬರ್‌ನಲ್ಲಿ ಕೇರಳದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾದ ಹೊತ್ತಿನಲ್ಲಿ ಮಂಜೇಶ್ವರದ ಸಮೀಪದ ಒಂದು ಮನೆಯ ಜಗಲಿಯಲ್ಲಿ ನಾನೂ ಕುಳಿತಿದ್ದೆ. ಬೂತ್ ಮಟ್ಟದ ಅಧಿಕಾರಿಯಾಗಿ ಬಂದಿದ್ದ ಅಂಗನವಾಡಿ ಶಿಕ್ಷಕಿಯ ಕೈಯಲ್ಲಿ ಆ ಮನೆಯ ಮೂವರ ಹೆಸರು ಮುದ್ರಿತವಾಗಿದ್ದ ನಮೂನೆಗಳಿದ್ದವು. ಒಂದು ಮನೆಯೊಡತಿಯದು, ಉಳಿದೆರಡು ಅವರ ಗಂಡುಮಕ್ಕಳವು. ದೊಡ್ಡವನು ಹದಿನಾಲ್ಕು ವರ್ಷಗಳಿಂದ ದುಬೈಯಲ್ಲಿದ್ದಾನೆ, ಪಾಸ್‌ಪೋರ್ಟ್ ಭಾರತದ್ದೇ. ಚಿಕ್ಕವನು ಓದಲೆಂದು ಕೆನಡಾಕ್ಕೆ ಹೋಗಿ, ಅಲ್ಲೇ ಕೆಲಸ ಹಿಡಿದು, ಈಗ ಅಲ್ಲಿಯ ಪ್ರಜೆಯಾಗಿದ್ದಾನೆ. ಚಿಕ್ಕವನ ಹೆಸರು ಪಟ್ಟಿಯಲ್ಲಿ ಉಳಿಯುವಂತಿಲ್ಲ ಎಂದು ಶಿಕ್ಷಕಿ ಮೆಲ್ಲನೆ ತಿಳಿಸಿದಾಗ ಆ ತಾಯಿ ಕೇಳಿದರು: "ಇಬ್ಬರೂ ನನ್ನ ಮಕ್ಕಳೇ ಅಲ್ವಾ ಟೀಚರೇ? ಇಬ್ಬರೂ ಮನೆಗೆ ದುಡ್ಡು ಕಳಿಸ್ತಾರೆ. ಒಬ್ಬನಿಗೆ ಓಟು ಉಂಟು, ಇನ್ನೊಬ್ಬನಿಗೆ ಇಲ್ಲ ಅಂದ್ರೆ ಅದು ಹೇಗೆ?"

ಇದೇ ಪ್ರಶ್ನೆಯನ್ನು ಜರ್ಮನಿ ಟರ್ಕಿ ಮೂಲದವರ ಬಗ್ಗೆ, ಕೆನಡಾ ಪಂಜಾಬ್ ಮೂಲದವರ ಬಗ್ಗೆ, ಭಾರತ ತನ್ನ ಅನಿವಾಸಿಗಳ ಬಗ್ಗೆ ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿವೆ. ಒಂದು ದೇಶ ಬಿಟ್ಟು ಇನ್ನೊಂದರಲ್ಲಿ ನೆಲೆಸಿದವರು ಬಿಟ್ಟುಬಂದ ದೇಶದ ರಾಜಕೀಯದಲ್ಲಿ ಎಷ್ಟರಮಟ್ಟಿಗೆ ಪಾಲುಗೊಳ್ಳಬಹುದು? ಅದನ್ನು ನೆಲೆಸಿದ ದೇಶ ಯಾವಾಗ ಸಹಜವೆಂದು ಒಪ್ಪುತ್ತದೆ, ಯಾವಾಗ ಅಪಾಯವೆಂದು ಭಾವಿಸುತ್ತದೆ? ಮನೆಗೊಬ್ಬರಾದರೂ ಗಲ್ಫಿನಲ್ಲೋ ಬೇರೆಲ್ಲೋ ಇರುವ ನಮ್ಮ ಗಡಿನಾಡಿಗೆ ಈ ವಿಷಯ ದೂರದ್ದಲ್ಲ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ

ಕಾಸರಗೋಡಿನ ಕನ್ನಡ ಓದುಗರಿಗೆ ಮೊದಲ ತೊಡಕು ಎದುರಾಗುವುದೇ 'ಪ್ರವಾಸಿ' ಎಂಬ ಪದದಲ್ಲಿ. ಕನ್ನಡದಲ್ಲಿ ಪ್ರವಾಸಿ ಎಂದರೆ ಬೇಕಲ ಕೋಟೆ ನೋಡಲು ಬಂದು ಸಂಜೆಗೆ ಹಿಂದಿರುಗುವವರು. ಮಲಯಾಳದಲ್ಲಿ ಪ್ರವಾಸಿ ಎಂದರೆ ಊರು ಬಿಟ್ಟು ಪರದೇಶದಲ್ಲಿ ದುಡಿಯುವವರು. ಕೇಂದ್ರ ಸರ್ಕಾರ ಜನವರಿ 9ರಂದು ಆಚರಿಸುವ 'ಪ್ರವಾಸಿ ಭಾರತೀಯ ದಿವಸ'ದ ಹೆಸರಿನಲ್ಲಿರುವುದೂ ಈ ಎರಡನೆಯ ಅರ್ಥವೇ. 1915ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾದ ವಾಸ ಮುಗಿಸಿ ಮುಂಬಯಿಯಲ್ಲಿ ಬಂದಿಳಿದ ದಿನವೆಂಬ ಕಾರಣಕ್ಕೆ ಆ ತಾರೀಕನ್ನು ಆರಿಸಲಾಯಿತು.

ಪರದೇಶದಲ್ಲಿದ್ದೂ ಭಾರತದ ಪೌರತ್ವ ಉಳಿಸಿಕೊಂಡವರು ಅನಿವಾಸಿ ಭಾರತೀಯರು. ದುಬೈಯಲ್ಲಿರುವ ದೊಡ್ಡ ಮಗ ಈ ಗುಂಪಿಗೆ ಸೇರುತ್ತಾನೆ. ಇನ್ನೊಂದು ದೇಶದ ಪೌರತ್ವವನ್ನು ತಾವಾಗಿ ಪಡೆದವರು ಭಾರತದ ಪ್ರಜೆಗಳಾಗಿ ಉಳಿಯುವುದಿಲ್ಲ. ಸಂವಿಧಾನದ 9ನೆಯ ವಿಧಿ ಮತ್ತು 1955ರ ಪೌರತ್ವ ಕಾಯ್ದೆ ಎರಡೂ ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ನಮ್ಮಲ್ಲಿ ದ್ವಿಪೌರತ್ವಕ್ಕೆ ಅವಕಾಶವಿಲ್ಲ. ಹಾಗೆ ಪ್ರಜೆತನ ಬಿಟ್ಟವರಿಗಾಗಿ 2005ರ ತಿದ್ದುಪಡಿಯ ಮೂಲಕ ಬಂದದ್ದು 'ಸಾಗರೋತ್ತರ ಭಾರತೀಯ ಪೌರತ್ವ', ಅಂದರೆ ಜನರ ಬಾಯಲ್ಲಿರುವ ಓಸಿಐ ಕಾರ್ಡ್. ಹೆಸರಿನಲ್ಲಿ ಪೌರತ್ವವೆಂದಿದ್ದರೂ ಅದು ಪೌರತ್ವವಲ್ಲ. ಬದುಕಿರುವಷ್ಟು ಕಾಲ ವೀಸಾದ ತಾಪತ್ರಯವಿಲ್ಲದೆ ಬಂದುಹೋಗಬಹುದು, ಇಲ್ಲಿ ವಾಸಿಸಬಹುದು. ಆದರೆ ಮತ ಹಾಕುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಈ ಹೆಸರಿನಿಂದ ಹುಟ್ಟಿರುವ ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ.

ಬ್ರಹ್ಮಕಲಶಕ್ಕೆ ವಂತಿಗೆ ಕೊಟ್ಟವರ ಮಾತು

ನಂಟುಗಳಲ್ಲಿ ಎಷ್ಟು ಬಗೆ ಎಂಬುದನ್ನು ತಿಳಿಯಲು ನಮ್ಮ ಊರಿನ ದೇವಸ್ಥಾನಗಳ ಜೀರ್ಣೋದ್ಧಾರವನ್ನೇ ನೆನೆಯಬಹುದು. ಬ್ರಹ್ಮಕಲಶೋತ್ಸವ ನಿಶ್ಚಯವಾದ ಕೂಡಲೇ ಮುಂಬಯಿ ಸಮಿತಿ, ಗಲ್ಫ್ ಸಮಿತಿ, ಬೆಂಗಳೂರು ಸಮಿತಿ ಎಂದು ರಚನೆಯಾಗುತ್ತವೆ. ಹೊರಗಿರುವವರು ದೊಡ್ಡ ಮೊತ್ತ ಕೊಡುತ್ತಾರೆ, ಗರ್ಭಗುಡಿಗೆ ತಾಮ್ರದ ಹೊದಿಕೆ ಹಾಕಿಸುತ್ತಾರೆ. ಅಷ್ಟು ಕೊಟ್ಟ ಮೇಲೆ ಸಭಾಭವನ ಎಲ್ಲಿ ಕಟ್ಟಬೇಕು, ಯಾರು ಅಧ್ಯಕ್ಷರಾಗಬೇಕು ಎಂಬುದರಲ್ಲಿ ತಮ್ಮ ಮಾತೂ ನಡೆಯಲಿ ಎಂದು ಬಯಸುವುದು ಸಹಜ. ಆಗ ಊರಿನಲ್ಲೇ ಉಳಿದು ಮಳೆಗಾಲದಲ್ಲಿ ಅಂಗಳದ ಪಾಚಿ ಕೆರೆದವರು, ದಿನದ ಪೂಜೆಗೆ ವ್ಯವಸ್ಥೆ ಮಾಡಿದವರು ಕೇಳುತ್ತಾರೆ: ನಿರ್ಧಾರ ತಪ್ಪಾದರೆ ಅನುಭವಿಸಬೇಕಾದವರು ನಾವಲ್ಲವೆ? ಎರಡು ಮಾತಿನಲ್ಲೂ ನ್ಯಾಯವಿದೆ.

ವಲಸಿಗರ ತಾಯ್ನಾಡಿನಲ್ಲಿ ನಡೆಯುವ ಚರ್ಚೆಯ ತಿರುಳು ಇದೇ. ಹಣದ ಲೆಕ್ಕದಲ್ಲಿ ವಲಸಿಗರ ಪಾಲು ಸಣ್ಣದಲ್ಲ. 2022ರಲ್ಲಿ ಭಾರತಕ್ಕೆ ಹೊರಗಿನಿಂದ ಬಂದ ಕುಟುಂಬದ ಹಣ 10,000 ಕೋಟಿ ಡಾಲರ್ ದಾಟಿತು, ಯಾವುದೇ ದೇಶಕ್ಕೆ ಅಷ್ಟು ಬಂದದ್ದು ಅದೇ ಮೊದಲು. ಕೇರಳ ಸರ್ಕಾರ 1996ರಲ್ಲೇ ಅನಿವಾಸಿಗಳಿಗಾಗಿ 'ನೋರ್ಕಾ' ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. 2018ರಿಂದ ಹೊರಗಿರುವವರ ಪ್ರತಿನಿಧಿಗಳನ್ನು ಕೂಡಿಸುವ 'ಲೋಕ ಕೇರಳ ಸಭೆ' ನಡೆಸುತ್ತ ಬಂದಿದೆ.

ಆದರೆ ಹಣ ಕಳುಹಿಸುವುದೆಲ್ಲ ರಾಜಕೀಯವಲ್ಲ, ಕಾನೂನೂ ಹಾಗೆ ನೋಡುವುದಿಲ್ಲ. ದುಬೈಯ ಮಗ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟ ವಂತಿಗೆ ಭಾರತೀಯ ಪ್ರಜೆಯೊಬ್ಬನ ಕೊಡುಗೆಯೇ. ಕೆನಡಾದ ಮಗ ಅದೇ ದೇವಸ್ಥಾನಕ್ಕೆ ಅಷ್ಟೇ ಹಣ ಕಳುಹಿಸಿದರೆ ಅದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ವಿದೇಶಿ ದೇಣಿಗೆಯಾಗುತ್ತದೆ; ಸ್ವೀಕರಿಸುವ ಸಂಸ್ಥೆಗೆ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. ರಾಜಕೀಯ ಪಕ್ಷಗಳಂತೂ ಅಂಥ ಹಣವನ್ನು ಮುಟ್ಟುವಂತೆಯೇ ಇಲ್ಲ. ತಾಯಿಗೆ ಮನೆಖರ್ಚಿಗೆಂದು ಕಳುಹಿಸಿದ್ದಕ್ಕೆ ಈ ಯಾವ ಕಟ್ಟಳೆಯೂ ಇಲ್ಲ. ಒಬ್ಬನೇ ಮನುಷ್ಯ, ಒಂದೇ ಹಣ. ತಲುಪುವ ಕೈ ಬದಲಾದಂತೆ ಅದರ ಅರ್ಥವೂ ಬದಲಾಗುತ್ತದೆ.

ಓಟಿನ ಹಕ್ಕು ಇದೆ, ಮತಗಟ್ಟೆ ದೂರವಿದೆ

ಅನಿವಾಸಿ ಭಾರತೀಯರಿಗೆ ಮತದ ಹಕ್ಕು ಮೊದಲಿನಿಂದ ಇರಲಿಲ್ಲ. ಮತದಾರನಾಗಲು ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸಿಸುವವನಾಗಿರಬೇಕು ಎಂಬ ನಿಯಮವಿದ್ದುದರಿಂದ ವರ್ಷಗಟ್ಟಲೆ ಹೊರಗಿರುವವರ ಹೆಸರು ಪಟ್ಟಿಯಿಂದ ತೆಗೆಯಲ್ಪಡುತ್ತಿತ್ತು. 2010ರಲ್ಲಿ ಜನಪ್ರಾತಿನಿಧ್ಯ ಕಾಯ್ದೆಗೆ 20ಎ ಎಂಬ ಕಲಮು ಸೇರಿದ ಮೇಲೆ, ಬೇರೆ ದೇಶದ ಪೌರತ್ವ ಪಡೆಯದ ಅನಿವಾಸಿಗಳು ಪಾಸ್‌ಪೋರ್ಟಿನಲ್ಲಿರುವ ಊರಿನ ಕ್ಷೇತ್ರದಲ್ಲಿ 'ಸಾಗರೋತ್ತರ ಮತದಾರ'ರಾಗಿ ಹೆಸರು ನೋಂದಾಯಿಸಬಹುದಾಯಿತು. ಅದಕ್ಕೆ ಬಳಸಬೇಕಾದುದು 6ಎ ನಮೂನೆ. ಮತದಾನದ ದಿನ ಮಾತ್ರ ಸ್ವತಃ ಮತಗಟ್ಟೆಗೆ ಬಂದು ಮೂಲ ಪಾಸ್‌ಪೋರ್ಟ್ ತೋರಿಸಲೇಬೇಕು.

ಈ ಒಂದು ಷರತ್ತು ಎಷ್ಟು ಭಾರವಾದುದೆಂಬುದನ್ನು ಅಂಕಿಗಳೇ ತೋರಿಸುತ್ತವೆ. 2024ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಸುಮಾರು 1.19 ಲಕ್ಷ ಸಾಗರೋತ್ತರ ಮತದಾರರು ನೋಂದಾಯಿತರಾಗಿದ್ದರು. ಅವರಲ್ಲಿ ಸುಮಾರು 90,000 ಮಂದಿ ಕೇರಳದವರು. ಮತ ಹಾಕಿದವರ ಸಂಖ್ಯೆ 3,000ವನ್ನೂ ಮುಟ್ಟಲಿಲ್ಲ. ವಿಮಾನದ ಟಿಕೇಟು, ರಜೆ, ಮಾಲೀಕನ ಒಪ್ಪಿಗೆ ಇವೆಲ್ಲ ಕೂಡಿ ಬಂದವರಷ್ಟೇ ಊರಿಗೆ ಬಂದು ಬೆರಳಿಗೆ ಶಾಯಿ ಹಚ್ಚಿಸಿಕೊಂಡರು. ಅನಿವಾಸಿಗಳು ತಮ್ಮ ಪರವಾಗಿ ಇನ್ನೊಬ್ಬರನ್ನು ನೇಮಿಸಿ ಮತ ಹಾಕಿಸಬಹುದೆಂಬ ಮಸೂದೆಗೆ 2018ರಲ್ಲಿ ಲೋಕಸಭೆ ಒಪ್ಪಿಗೆ ಕೊಟ್ಟಿತ್ತು. ರಾಜ್ಯಸಭೆಯಲ್ಲಿ ಅದು ಅಂಗೀಕಾರವಾಗುವ ಮೊದಲೇ ಲೋಕಸಭೆಯ ಅವಧಿ ಮುಗಿದು ಮಸೂದೆ ಬಿದ್ದುಹೋಯಿತು. ಮತ ಗುಟ್ಟಾಗಿ ಉಳಿಯುವುದು ಹೇಗೆ, ನೇಮಿಸಿದವನು ಹೇಳಿದಂತೆಯೇ ಒತ್ತಿದ್ದಾನೆಂಬ ಖಾತರಿ ಏನು ಎಂಬ ಆಕ್ಷೇಪಗಳು ಆಗಲೂ ಇದ್ದವು, ಈಗಲೂ ಇವೆ.

ಕೆಲವು ಸಾವಿರ ಮತಗಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎನ್ನುವವರಿಗೆ ಮಂಜೇಶ್ವರ ಕ್ಷೇತ್ರವೇ ಉತ್ತರ. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆಲುವು ಸೋಲು ತೀರ್ಮಾನವಾದದ್ದು ಬರೇ 89 ಮತಗಳಲ್ಲಿ. ಸೋತ ಅಭ್ಯರ್ಥಿ ಹೈಕೋರ್ಟಿಗೆ ಹೋಗಿ, ವಿದೇಶದಲ್ಲಿದ್ದವರ ಮತ್ತು ತೀರಿಹೋದವರ ಹೆಸರಿನಲ್ಲಿ ಮತ ಬಿದ್ದಿದೆ ಎಂದು ಆರೋಪಿಸಿದರು. ಗೆದ್ದಿದ್ದ ಶಾಸಕರು 2018ರಲ್ಲಿ ನಿಧನರಾದರು, ಮರುವರ್ಷ ಅರ್ಜಿಯನ್ನು ಹಿಂಪಡೆಯಲಾಯಿತು. ಆರೋಪ ನಿಜವೋ ಸುಳ್ಳೋ ಎಂಬ ತೀರ್ಪು ಬರಲೇ ಇಲ್ಲ. 2021ರಲ್ಲೂ ಇಲ್ಲಿಯ ಅಂತರ 745 ಮಾತ್ರ. ಇಂಥ ಕ್ಷೇತ್ರದಲ್ಲಿ ಊರಿನಲ್ಲಿಲ್ಲದವರ ಹೆಸರು ಯಾವ ಪಟ್ಟಿಯಲ್ಲಿ, ಯಾವ ರೀತಿಯಲ್ಲಿ ಇರಬೇಕೆಂಬುದು ಪ್ರತಿ ಮನೆಗೂ ಸಂಬಂಧಿಸಿದ ವಿಷಯ.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಫ್ರಾನ್ಸ್ ತನ್ನ ಅನಿವಾಸಿಗಳಿಗೆಂದೇ 2012ರಿಂದ ಸಂಸತ್ತಿನಲ್ಲಿ 11 ಕ್ಷೇತ್ರಗಳನ್ನು ಇಟ್ಟಿದೆ. ಇಟಲಿಯಲ್ಲೂ ಅಂಥ ಸ್ಥಾನಗಳಿವೆ. ಟರ್ಕಿಯ ಪ್ರಜೆಗಳು 2014ರಿಂದ ತಾವಿರುವ ದೇಶದಲ್ಲೇ ತೆರೆದ ಮತಗಟ್ಟೆಗಳಲ್ಲಿ ಮತ ಹಾಕುತ್ತಾರೆ.

ನೆಲೆಸಿದ ದೇಶಕ್ಕೆ ಆತಂಕ ಹುಟ್ಟುವುದು ಎಲ್ಲಿ?

ಟರ್ಕಿಯ ಉದಾಹರಣೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1961ರ ಒಪ್ಪಂದದ ಪ್ರಕಾರ ಜರ್ಮನಿಯ ಕಾರ್ಖಾನೆಗಳಿಗೆ ಟರ್ಕಿಯಿಂದ ಕೆಲಸಗಾರರು ಬಂದರು. ಕೆಲವು ವರ್ಷ ದುಡಿದು ಹಿಂದಿರುಗುತ್ತಾರೆಂದು ಎರಡೂ ಸರ್ಕಾರಗಳು ನಂಬಿದ್ದವು. ಬಂದವರೂ ಹಾಗೆಯೇ ನಂಬಿದ್ದರು. ಇಂದು ಅವರ ಮಕ್ಕಳು ಮೊಮ್ಮಕ್ಕಳು ಸೇರಿ ಅಲ್ಲಿ ಸುಮಾರು 30 ಲಕ್ಷ ಟರ್ಕಿ ಮೂಲದವರಿದ್ದಾರೆ.

2017ರಲ್ಲಿ ಟರ್ಕಿಯ ಅಧ್ಯಕ್ಷರ ಅಧಿಕಾರವನ್ನು ಹೆಚ್ಚಿಸುವ ಜನಮತಗಣನೆ ಬಂದಾಗ ಅಲ್ಲಿಯ ಸಚಿವರು ಯುರೋಪಿನಲ್ಲಿರುವ ತಮ್ಮ ಪ್ರಜೆಗಳ ಮುಂದೆ ಪ್ರಚಾರ ಮಾಡಲು ಹೊರಟರು. ಜರ್ಮನಿಯ ಹಲವು ಊರುಗಳಲ್ಲಿ ಸಭೆಗಳು ರದ್ದಾದವು. ಮಾರ್ಚ್ ತಿಂಗಳಲ್ಲಿ ನೆದರ್ಲೆಂಡ್ಸ್ ಟರ್ಕಿಯ ವಿದೇಶಾಂಗ ಸಚಿವರ ವಿಮಾನ ಇಳಿಯಲು ಬಿಡಲಿಲ್ಲ; ರಸ್ತೆಯ ಮೂಲಕ ರಾಟರ್‌ಡ್ಯಾಮ್ ತಲುಪಿದ್ದ ಇನ್ನೊಬ್ಬ ಸಚಿವೆಯನ್ನು ಪೊಲೀಸರು ಗಡಿಯವರೆಗೆ ಬಿಟ್ಟುಬಂದರು. ತಮ್ಮ ಪ್ರಜೆಗಳ ಜೊತೆ ಮಾತಾಡುವುದು ತಮ್ಮ ಹಕ್ಕೆಂದು ಟರ್ಕಿ ವಾದಿಸಿತು. ತಮ್ಮ ಬೀದಿಯಲ್ಲಿ ಇನ್ನೊಂದು ಸರ್ಕಾರ ಚುನಾವಣಾ ಕಣ ತೆರೆಯುವುದನ್ನು ಒಪ್ಪಲಾರೆವೆಂದು ನೆದರ್ಲೆಂಡ್ಸ್ ಹೇಳಿತು.

ಫಲಿತಾಂಶ ಬಂದಾಗ ಜರ್ಮನಿಯಲ್ಲಿ ಬಿದ್ದ ಮತಗಳಲ್ಲಿ ಶೇ. 63ರಷ್ಟು ಅಧ್ಯಕ್ಷರ ಪರವಾಗಿದ್ದವು. 'ನಮ್ಮಲ್ಲಿ ಪ್ರಜಾಪ್ರಭುತ್ವದ ಸುಖ ಉಣ್ಣುತ್ತ ಅಲ್ಲಿ ಸರ್ವಾಧಿಕಾರಕ್ಕೆ ಮತ ಹಾಕುತ್ತಾರೆ' ಎಂಬ ಟೀಕೆ ಎದ್ದಿತು. ಆದರೆ ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಮತದ ಹಕ್ಕಿದ್ದವರಲ್ಲಿ ಅರ್ಧಕ್ಕಿಂತ ಕಡಿಮೆ ಜನರಷ್ಟೇ ಮತ ಹಾಕಿದ್ದರು. ಟರ್ಕಿ ಮೂಲದ ಅನೇಕರು ಜರ್ಮನಿಯ ಪೌರತ್ವವನ್ನಷ್ಟೇ ಹೊಂದಿದ್ದುದರಿಂದ ಅವರಿಗೆ ಮತವೇ ಇರಲಿಲ್ಲ. ಹಾಗಾಗಿ ಆ 63 ಇಡೀ ಸಮುದಾಯದ ಮನಸ್ಸಲ್ಲ, ಅದರ ಒಂದು ತುಂಡು ಮಾತ್ರ. ವಲಸಿಗರ ಬಗ್ಗೆ ಬರುವ ಸುದ್ದಿಗಳಲ್ಲಿ ತುಂಡನ್ನು ಇಡಿಯೆಂದು ತೋರಿಸುವ ಈ ತಪ್ಪು ಮತ್ತೆ ಮತ್ತೆ ಕಾಣುತ್ತದೆ.

ಪ್ರಭಾವ ಬೇರೆ, ಹಸ್ತಕ್ಷೇಪ ಬೇರೆ

ಕಾನೂನು ಇಲ್ಲಿ ಒಂದು ಗೆರೆ ಎಳೆಯುತ್ತದೆ. ಜಾಗ ಮಾರಾಟದ ಮಾತು ತೆಗೆಯುವ ನೆರೆಯವರು 'ಆ ತೋಟ ಒಳ್ಳೆಯದಿದೆ, ತೆಗೆದುಕೊಳ್ಳಿ' ಎಂದರೆ ಅದು ಸಲಹೆ. ಅದೇ ಮಾತಿಗೆ ಅವರು ಮಾರುವವನಿಂದ ಕಮಿಷನ್ ಪಡೆಯುತ್ತಿದ್ದು ಅದನ್ನು ಮುಚ್ಚಿಟ್ಟಿದ್ದರೆ ನಮಗೆ ಮೋಸವಾದಂತೆ. ದಲ್ಲಾಳಿತನ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಅಮೆರಿಕ 1938ರಲ್ಲಿ ತಂದ ವಿದೇಶಿ ಪ್ರತಿನಿಧಿಗಳ ನೋಂದಣಿ ಕಾಯ್ದೆಯ ಹಿಂದಿರುವುದು ಇದೇ ತರ್ಕ: ಪರರಾಷ್ಟ್ರದ ಪರವಾಗಿ ಮಾತಾಡಬಹುದು, ಆದರೆ ಅದರ ಸೂಚನೆಯಂತೆ ಕೆಲಸ ಮಾಡುತ್ತಿದ್ದರೆ ಬಹಿರಂಗವಾಗಿ ನೋಂದಾಯಿಸಬೇಕು. ಆಸ್ಟ್ರೇಲಿಯ 2018ರಲ್ಲಿ, ಕೆನಡಾ 2024ರಲ್ಲಿ ಇದೇ ಜಾಡಿನ ಕಾನೂನುಗಳನ್ನು ಮಾಡಿದವು.

ಅಂದರೆ ತಾಯ್ನಾಡಿನ ಪಕ್ಷವನ್ನು ಮೆಚ್ಚುವುದು, ಅಲ್ಲಿಯ ಸರ್ಕಾರವನ್ನು ಹೊಗಳುವುದು ಅಥವಾ ತೆಗಳುವುದು, ನೆಲೆಸಿದ ದೇಶದ ಜನಪ್ರತಿನಿಧಿಗೆ ಮನವಿ ಕೊಡುವುದು, ಇವೆಲ್ಲ ಪ್ರಭಾವ. ಪ್ರಜಾಪ್ರಭುತ್ವದಲ್ಲಿ ಇದಕ್ಕೆ ಜಾಗವಿದೆ. ಇನ್ನೊಂದು ಸರ್ಕಾರದ ಆಣತಿಯಂತೆ ಗುಟ್ಟಾಗಿ, ಹಣದ ಅಥವಾ ಬೆದರಿಕೆಯ ಬಲದಿಂದ ನಡೆಸುವುದು ಹಸ್ತಕ್ಷೇಪ. ಎಷ್ಟೋ ಸಲ ವಲಸಿಗರು ಅದರ ಸಾಧನವಾಗಿ ಅಲ್ಲ, ಗುರಿಯಾಗಿರುತ್ತಾರೆ. ತಾಯ್ನಾಡಿನ ಸರ್ಕಾರವನ್ನು ಟೀಕಿಸಿದವನಿಗೆ 'ಊರಿನಲ್ಲಿ ನಿನ್ನ ತಂದೆತಾಯಿ ಇದ್ದಾರೆ, ನೆನಪಿರಲಿ' ಎಂಬ ಕರೆ ಬಂದರೆ ಅದು ಗಡಿಯಾಚೆ ಚಾಚಿದ ದಮನ.

ಭಾರತ ಮತ್ತು ಕೆನಡಾದ ನಡುವಿನ ಬಿಕ್ಕಟ್ಟು ಇದೇ ಗೆರೆಯ ಸುತ್ತ ಬೆಳೆಯಿತು. 2023ರ ಜೂನ್‌ನಲ್ಲಿ ಸರ್ರೆ ನಗರದ ಗುರುದ್ವಾರದ ಬಳಿ ಖಾಲಿಸ್ತಾನ್ ಪರ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಅವರ ಹತ್ಯೆಯಾಯಿತು. ಸೆಪ್ಟೆಂಬರ್‌ನಲ್ಲಿ ಕೆನಡಾದ ಅಂದಿನ ಪ್ರಧಾನಿ ಜಸ್ಟಿನ್ ಟ್ರೂಡೊ ಅದರ ಹಿಂದೆ ಭಾರತದ ಏಜೆಂಟರಿರುವ ನಂಬಲರ್ಹ ಆರೋಪಗಳಿವೆ ಎಂದು ಸಂಸತ್ತಿನಲ್ಲಿ ಹೇಳಿದರು. ಭಾರತ ಅದನ್ನು ಪೂರ್ತಿಯಾಗಿ ಅಲ್ಲಗಳೆದು, ಪ್ರತ್ಯೇಕತಾವಾದಿಗಳಿಗೆ ಕೆನಡಾ ಆಶ್ರಯ ಕೊಡುತ್ತಿದೆ ಎಂಬ ತನ್ನ ಹಳೆಯ ದೂರನ್ನು ಮುಂದಿಟ್ಟಿತು. ಆ ದೂರಿನ ಬೇರು 1985ರ ಜೂನ್ 23ರಷ್ಟು ಹಿಂದಕ್ಕೆ ಹೋಗುತ್ತದೆ: ಕೆನಡಾದಿಂದ ಹೊರಟಿದ್ದ ಏರ್ ಇಂಡಿಯಾದ 'ಕನಿಷ್ಕ' ವಿಮಾನ ಬಾಂಬಿಗೆ ಸಿಲುಕಿ 329 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಭಾರತ ಮೂಲದ ಕೆನಡಿಯನ್ನರೇ. 2021ರ ಗಣತಿಯಂತೆ ಅಲ್ಲಿ ಸುಮಾರು 7.7 ಲಕ್ಷ ಸಿಖ್ಖರಿದ್ದಾರೆ. ಬಸ್ಸು ಓಡಿಸುವವರು, ಹೊಲ ಮಾಡುವವರು, ಮಂತ್ರಿಗಳಾದವರು ಎಲ್ಲರೂ ಆ ಲೆಕ್ಕದೊಳಗಿದ್ದಾರೆ; ಹಿಂಸೆಯನ್ನು ಮಾಡಿದವರು ಬೆರಳೆಣಿಕೆಯವರು. ಎರಡು ಸರ್ಕಾರಗಳ ಜಗಳದಲ್ಲಿ ಈ ವ್ಯತ್ಯಾಸ ಅಳಿಸಿಹೋಗದಂತೆ ನೋಡಿಕೊಳ್ಳುವುದು ಅತ್ಯಗತ್ಯವೆಂದು ನಾನು ಭಾವಿಸುತ್ತೇನೆ.

ಸಂಶಯಕ್ಕೆ ತೆತ್ತ ಬೆಲೆ

ಆ ವ್ಯತ್ಯಾಸ ಅಳಿದಾಗ ಏನಾಗುತ್ತದೆ ಎಂಬುದಕ್ಕೆ 1942ರ ಅಮೆರಿಕ ಸಾಕ್ಷಿ. ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿದ ನಂತರ ಪಶ್ಚಿಮ ಕರಾವಳಿಯ ಸುಮಾರು 1.2 ಲಕ್ಷ ಜಪಾನೀ ಮೂಲದವರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಸುಮಾರು ಮೂರನೆಯ ಎರಡು ಭಾಗದವರು ಅಮೆರಿಕದ ಪ್ರಜೆಗಳೇ ಆಗಿದ್ದರು. ಅದಕ್ಕೆ ಸೇನೆಯ ಅಗತ್ಯ ಕಾರಣವಾಗಿರಲಿಲ್ಲ, ಜನಾಂಗದ್ವೇಷ ಮತ್ತು ಯುದ್ಧಕಾಲದ ಉನ್ಮಾದ ಕಾರಣವಾಗಿದ್ದವು ಎಂದು ಸಂಸತ್ತು ನೇಮಿಸಿದ ಆಯೋಗ ಮುಂದೆ ವರದಿ ಮಾಡಿತು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಟ್ಟಿತು.

ಇದೇ ಕರಾವಳಿಯ ಇನ್ನೊಂದು ಕಥೆ ನಮ್ಮದು. 1913ರಲ್ಲಿ ಅಲ್ಲಿಯ ಗರಗಸದ ಕಾರ್ಖಾನೆಗಳಲ್ಲೂ ಹೊಲಗಳಲ್ಲೂ ದುಡಿಯುತ್ತಿದ್ದ, ಬಹುಪಾಲು ಪಂಜಾಬಿನ ವಲಸಿಗರು ಗದರ್ ಪಕ್ಷ ಕಟ್ಟಿ, ಬ್ರಿಟಿಷರ ವಿರುದ್ಧ ದಂಗೆಗೆ ಕರೆ ಕೊಡುವ ಪತ್ರಿಕೆಯನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಡಿಸಿದರು. ಮಹಾಯುದ್ಧ ಆರಂಭವಾದಾಗ ಹಲವರು ಹೋರಾಡಲೆಂದೇ ಊರಿಗೆ ಮರಳಿದರು. ಕರ್ತಾರ್ ಸಿಂಗ್ ಸರಾಭಾ 1915ರಲ್ಲಿ ಗಲ್ಲಿಗೇರಿದಾಗ ಅವರಿಗೆ 19 ವರ್ಷ. ಅಮೆರಿಕದಲ್ಲಿ ಉಳಿದವರ ಮೇಲೆ, ತಟಸ್ಥ ದೇಶದ ನೆಲವನ್ನು ಯುದ್ಧಕ್ಕೆ ಬಳಸಿದರೆಂದು 1917ರಲ್ಲಿ ಮೊಕದ್ದಮೆ ನಡೆಯಿತು. ಅದು ಅಮೆರಿಕಕ್ಕೆ ಅಪರಾಧ, ಬ್ರಿಟಿಷರಿಗೆ ರಾಜದ್ರೋಹ, ನಮ್ಮ ಪಠ್ಯಪುಸ್ತಕಗಳಿಗೆ ದೇಶಭಕ್ತಿ. ವಲಸಿಗರ ರಾಜಕೀಯವನ್ನು ತೂಗುವಾಗ ನಾವು ಯಾವ ದಡದಲ್ಲಿ ನಿಂತಿದ್ದೇವೆಂಬುದೂ ತಕ್ಕಡಿಯಲ್ಲಿ ಕೂರುತ್ತದೆ.

ದುಬೈಯೂ ಟೊರಾಂಟೊವೂ ಏಕೆ ಒಂದೇ ಅಲ್ಲ?

ಕೆನಡಾದಲ್ಲಿ ಕಾಯಂ ವಾಸದ ಪರವಾನಗಿ ಸಿಕ್ಕವರು ಐದು ವರ್ಷಗಳೊಳಗೆ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಆಮೇಲೆ ಅಲ್ಲಿಯ ಮತ, ಅಲ್ಲಿಯ ಪಕ್ಷ, ಅಲ್ಲಿಯ ಶಾಲಾ ಮಂಡಳಿ ಎಲ್ಲವೂ ಅವರದೂ ಹೌದು. ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದರೂ ಸಾಮಾನ್ಯ ಕೆಲಸಗಾರನಿಗೆ ಪೌರತ್ವದ ಬಾಗಿಲು ತೆರೆಯುವುದಿಲ್ಲ. ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ರಾಜಕೀಯ ಪಕ್ಷಗಳೇ ಇಲ್ಲ. ಕೆಲಸ ಮುಗಿದರೆ ವೀಸಾವೂ ಹೆಚ್ಚು ಕಾಲ ಉಳಿಯುವುದಿಲ್ಲ. ಅಂಥವನಿಗೆ ಊರಿನ ರಾಜಕೀಯವೊಂದೇ ರಾಜಕೀಯ. ಕೇರಳದ ಪ್ರಮುಖ ಪಕ್ಷಗಳಿಗೆ ಒಲಿದ ಸಾಂಸ್ಕೃತಿಕ, ಸೇವಾ ಸಂಘಟನೆಗಳು ಗಲ್ಫಿನುದ್ದಕ್ಕೂ ಬೆಳೆದದ್ದು ಈ ಕಾರಣದಿಂದ. ಸತ್ತವರ ದೇಹವನ್ನು ಊರಿಗೆ ತಲುಪಿಸುವುದು, ಸಂಬಳ ಸಿಗದವನಿಗೆ ವಕೀಲರನ್ನು ಹುಡುಕಿಕೊಡುವುದು ಅವುಗಳ ದಿನದ ಕೆಲಸ; ಚುನಾವಣೆ ಬಂದಾಗ ಊರಿನ ಮನೆಗಳಿಗೆ ಫೋನು ಮಾಡಿಸುವುದೂ ಅವರೇ. ದಿಕ್ಕಿಲ್ಲದ ಪರದೇಶದಲ್ಲಿ ಕೈಹಿಡಿದವರ ಮಾತಿಗೆ ಮನೆಯವರು ಬೆಲೆ ಕೊಡುವುದರಲ್ಲಿ ಆಶ್ಚರ್ಯವಿಲ್ಲ.

ಕಾಸರಗೋಡಿನ ಕನ್ನಡಿಗರು ಈ ಲೆಕ್ಕಕ್ಕೆ ಬರುತ್ತಾರೆಯೆ?

ಈ ಚರ್ಚೆಯಲ್ಲಿ ಆಗಾಗ ನಮ್ಮನ್ನೂ ಎಳೆದು ತರುವುದುಂಟು, ಆದ್ದರಿಂದ ಸ್ಪಷ್ಟಪಡಿಸಬೇಕು. ಇಲ್ಲಿಯ ಕನ್ನಡಿಗರು ವಲಸೆ ಬಂದವರಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಗೆರೆ ಸರಿಯಿತು, ಜನ ಇದ್ದಲ್ಲೇ ಇದ್ದರು. 1967ರ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಕರ್ನಾಟಕ ಇಂದಿಗೂ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಕೊಡುತ್ತದೆ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಮೂಲಕ ಕನ್ನಡ ಸಂಸ್ಥೆಗಳಿಗೆ ನೆರವಾಗುತ್ತದೆ. ತನ್ನ ಗಡಿಯ ಹೊರಗಿರುವ ತನ್ನವರಿಗೆ ಒಂದು ರಾಜ್ಯ ಕೈಚಾಚುವ ಈ ಕ್ರಮ ಮೇಲ್ನೋಟಕ್ಕೆ ಓಸಿಐ ಕಾರ್ಡನ್ನು ಹೋಲುತ್ತದೆ. ಆದರೆ ಎರಡೂ ರಾಜ್ಯಗಳ ಮೇಲಿರುವುದು ಒಂದೇ ಸಂವಿಧಾನ, ಒಂದೇ ಪೌರತ್ವ. ಮಂಗಳೂರಿನ ಆಸ್ಪತ್ರೆಗೂ ತಿರುವನಂತಪುರದ ಸಚಿವಾಲಯಕ್ಕೂ ಒಬ್ಬನೇ ಮನುಷ್ಯ ಹೋಗುವುದರಲ್ಲಿ ನಿಷ್ಠೆಯ ಪ್ರಶ್ನೆಯೇ ಏಳುವುದಿಲ್ಲ.

ಜಗಲಿಯ ಮೇಲಿನ ನಮೂನೆಗಳು

ಆ ಮನೆಗೆ ಮರಳೋಣ. ದೊಡ್ಡ ಮಗ 6ಎ ನಮೂನೆಯನ್ನು ದುಬೈಯಿಂದಲೇ ಆನ್‌ಲೈನ್‌ನಲ್ಲಿ ತುಂಬಬಹುದು, ಪಾಸ್‌ಪೋರ್ಟಿನಲ್ಲಿ ಮಂಜೇಶ್ವರದ ವಿಳಾಸವಿರುವುದರಿಂದ ಅವನ ಹೆಸರು ಇಲ್ಲಿಯ ಪಟ್ಟಿಯಲ್ಲೇ ಬರುತ್ತದೆ ಎಂದು ಶಿಕ್ಷಕಿ ವಿವರಿಸಿದರು. ಚಿಕ್ಕವನ ನಮೂನೆಯನ್ನು ಮಡಚಿ ಬೇರೆಯಾಗಿ ಇಟ್ಟರು. ತಾಯಿಗೆ ಕೊನೆಗೆ ಉಳಿದ ಚಿಂತೆ ಮನೆಯ ಹಿಂದಿನ ಅಡಿಕೆ ತೋಟದ್ದು: ಓಟಿಲ್ಲದವನಿಗೆ ಪಾಲಾದರೂ ಉಂಟೋ? ಉಂಟು. ಓಸಿಐ ಕಾರ್ಡಿನವರು ಕೃಷಿಭೂಮಿಯನ್ನು ಕೊಳ್ಳುವಂತಿಲ್ಲ, ಆದರೆ ಹೆತ್ತವರಿಂದ ಉತ್ತರಾಧಿಕಾರವಾಗಿ ಪಡೆಯಲು ಅಡ್ಡಿಯಿಲ್ಲ. ಅದನ್ನು ಕೇಳಿದ ಮೇಲೆ ಅವರು ಕನ್ನಡಕ ಹುಡುಕಿ ತಂದು, ತಮ್ಮ ನಮೂನೆಯಲ್ಲಿ ನಿಧಾನವಾಗಿ ಸಹಿ ಹಾಕಿದರು.